ಮೊದಲ ಮುಷ್ಟಿ ಬೀಜ

ಆಗ ನನಗೆ ಹತ್ತೊಂಬತ್ತು. ನಲವತ್ತೆಂಟು ವರ್ಷದ ಹಿಂದಿನ ಮಾತು. ಮೊನ್ನೆ ಸೊಸೆ ಗೋವಿನಜೋಳದ ಬೀಜದ ಚೀಲ ಕತ್ತರಿಸಿದಾಗ ಔಷಧದ ಘಾಟು ಮೂಗಿಗೆ ಹೊಡೆಯಿತು. ಕೆಂಪು ಬಣ್ಣ ಹಚ್ಚಿದ ಬೀಜ. ಬಾಜೂ ಮನೆಯ ಅಕ್ಕ ನೆನಪಾದಳು…

ಅಕ್ಕನ ಗಂಡ ಸತ್ತಿದ್ದ. ಎರಡು ಸಣ್ಣ ಹೆಣ್ಣುಮಕ್ಕಳು, ಕೊಣ್ಣೂರಿನ ಹಾದಿಗೆ ಎರಡು ಎಕರೆ ಎರೆ ಹೊಲ. ಆ ವರ್ಷ ಬೆಳೆ ಬಾರದಿದ್ದರೆ ಹೊಲ ತನಗೆ ಬಿಡಬೇಕೆಂದು ಮೈದುನ ಪಂಚರ ಮುಂದೆ ಅವಳನ್ನು ಒಪ್ಪಿಸಿದ್ದ. ಅಂಥ ಹೊತ್ತಿನಲ್ಲಿ ನರಗುಂದಕ್ಕೆ ಹೋಗಿ ಇಂಥದೇ ಬಣ್ಣ ಹಚ್ಚಿದ ಹೈಬ್ರೀಡ್ ಜೋಳದ ಬೀಜ ತಂದಳು. ಊರು ನಕ್ಕಿತು.

ನಮ್ಮಲ್ಲಿ ಬಿತ್ತುವಾಗ ಕೂರಿಗೆಗೆ ಮೊದಲ ಮುಷ್ಟಿ ಬೀಜ ಹಾಕುವವಳು ಮುತ್ತೈದೆ. ಗಂಡ ಸತ್ತವಳು ಹಾಕಬಾರದು. ಅಕ್ಕ ನನ್ನನ್ನು ಕರೆಯಲು ಬಂದಳು.

"ತಂಗಿ, ಒಂದ ಮುಷ್ಟಿ ಹಾಕಿ ಹೋಗವಾ. ಮುಂದಿಂದು ನಾ ನೋಡ್ಕೋತೀನಿ."

ನನ್ನ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ಬಣ್ಣ ಹಚ್ಚಿದ ಬೀಜ ಎಲ್ಲ್ಯರ ಹುಟ್ತಾವೇನ? ನಮ್ಮ ಸೊಸಿ ಬರಂಗಿಲ್ಲ."

ನಾನು ಹೋಗಲಿಲ್ಲ. ಹೆದರಿದೆ, ಅಷ್ಟೇ.

"ಬೀಜಕ್ಕ ನನ್ನ ಹಣಿ ಕಾಣ್ತೈತೇನ?" ಎಂದು ಅಕ್ಕ ನಡೆದಳು. ತಾನೇ ಹಾಕಿದಳು.

ಸಸಿ ಗೇಣುದ್ದವಾದಾಗ ದಟ್ಟ ಇದ್ದಲ್ಲಿ ಅರ್ಧ ಕಿತ್ತೊಗೆದಳು. ಬುಡಕ್ಕೆ ಸರ್ಕಾರಿ ಗೊಬ್ಬರ ಹಾಕಿದಳು. ಜೀವಂತ ಬೆಳೆ ಕೀಳುತ್ತಾಳೆ, ತಲೆ ಕೆಟ್ಟಿದೆ ಎಂದರು. ತೆನೆ ಬಿಟ್ಟ ಮೇಲೆ ಸುಮ್ಮನಾದರು. ನಮ್ಮ ಎರಡು ಎಕರೆಗೆ ಆರು ಚೀಲ ಜೋಳ, ಅವಳಿಗೆ ಹದಿನಾಲ್ಕು. ಮೈದುನ ಕಣಕ್ಕೆ ಬಂದು ರಾಶಿ ನೋಡುತ್ತ ನಿಂತ.

"ದಾರಿ ಬಿಡಪಾ, ಗಾಡಿ ಬರತೈತಿ" ಎಂದಳು ಅಕ್ಕ.

ಮುಂದಿನ ವರ್ಷ ಊರೆಲ್ಲ ಅದೇ ಬೀಜ. ನಮ್ಮ ಅತ್ತೆಯೂ ತರಿಸಿದಳು. ರೊಟ್ಟಿ ಬಿರುಸು, ದನಕ್ಕೆ ಹಾಕುವ ಕಣಿಕೆ ಗಿಡ್ಡ, ಖರೆ. ಹಳೆಯ ಬೀಜವೇ ಚಲೋ ಎಂದು ಈಗ ಕಲಿತವರು ಹೇಳಿ ಹೋಗುತ್ತಾರೆ. ಆಷಾಢದಲ್ಲಿ ನಮ್ಮ ಜೋಳದ ಗಡಿಗೆಯ ತಳ ಅವರು ಕಂಡಿಲ್ಲ. ನಾನು ಕಂಡಿದ್ದೇನೆ.

ಅಕ್ಕ ಹೋಗಿ ಎಂಟು ವರ್ಷ. ಅಂದು ಯಾಕೆ ಬರಲಿಲ್ಲ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ನಾನೂ ಹೇಳಲಿಲ್ಲ… ಈಗ ಹೇಳೋಣವೆಂದರೆ ಅವಳಿಲ್ಲ. ನನ್ನ ಹಣೆಯೂ ಬರಿದಾಗಿದೆ.

ಮೊನ್ನೆ ಚೀಲ ಕತ್ತರಿಸಿದ ಸೊಸೆ ಅಂದಳು: "ಅತ್ತಿ, ನಾಳೆ ಮೊದಲ ಮುಷ್ಟಿ ನಾ ಹಾಕ್ತೀನ್ರಿ. ನೀವು ಬದುವಿನ ಮ್ಯಾಲ ಕುಂದರ್ರಿ."

ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ಹೊಲಕ್ಕಿಳಿಯಿತು. ಸೊಸೆಯ ಕೈಯಿಂದ ಚೀಲ ಕಸಿದು, ಕೂರಿಗೆಯ ಪೆಟ್ಟಿಗೆಗೆ ಎರಡು ಮುಷ್ಟಿ ಹಾಕಿದೆ. ಮೊದಲನೆಯದು ಅಕ್ಕನದು.