ಕಾಲುವೆ ಏರಿಯ ಮೇಲಿನ ಮುಖ

ಹೋದ ತಿಂಗಳು ಮಸ್ಕಿಯ ಅಂಗಡಿಯೊಂದಕ್ಕೆ ಬ್ಯಾಟರಿ ಕೊಳ್ಳಲು ಹೋಗಿದ್ದೆ. ಟಾರ್ಚಿಗೆ ನಮ್ಮ ಕಡೆ ಬ್ಯಾಟರಿ ಎಂದೇ ಹೆಸರು. ಮಗಳು ಗೆಳತಿಯರ ಜೊತೆ ನಸುಕಿನಲ್ಲಿ ಬೆಟ್ಟ ಹತ್ತುವವಳಿದ್ದಳು, ಜೋರು ಬೆಳಕಿನದು ಬೇಕೆಂದಿದ್ದಳು. ಅಂಗಡಿಯವರು ಗೇಣುದ್ದದ ಎಲ್‌ಇಡಿ ಬ್ಯಾಟರಿಯೊಂದನ್ನು ತೆಗೆದು, "ನೋಡ್ರಿ ಮೇಡಂ, ಹೆಂಗ ಹೊಡೀತೈತಿ" ಎಂದು ಗುಂಡಿ ಒತ್ತಿದರು. ಬಿಳಿ ಬೆಳಕು ನೇರ ನನ್ನ ಮುಖಕ್ಕೆ ಬಿತ್ತು. ನನ್ನ ಕೈ ತಾನಾಗಿ ಸೆರಗಿಗೆ ಹೋಯಿತು. "ಮಾರಿಗೆ ಯಾಕ ಬಿಡ್ತೀರಿ?" ಎಂದು ಕಿರುಚಿಬಿಟ್ಟೆ. ಪಾಪ, ಅವರು ಗಾಬರಿಯಾದರು. ಅವರ ತಪ್ಪೇನೂ ಇರಲಿಲ್ಲ. ನನ್ನ ಸಿಟ್ಟು ಹಳೆಯದು.

ಎಂಬತ್ತರ ದಶಕದ ನಡುವಿನ ಮಾತು. ನನಗೆ ಹನ್ನೆರಡೋ ಹದಿಮೂರೋ... ತುರ್ವಿಹಾಳ ದಾಟಿದರೆ ಸಿಗುವ ಸಣ್ಣ ಊರು ನಮ್ಮದು. ಯಾರ ಮನೆಯಲ್ಲೂ ಪಾಯಖಾನೆ ಇರಲಿಲ್ಲ. ಹೊತ್ತು ಮುಳುಗಿದ ಮೇಲೆ ಹೆಂಗಸರು ನೀರಿನ ಚರಗಿ ಹಿಡಿದು, ಕಾಲುವೆಯ ಕೆಳಗಿನ ಜಾಲಿ ಗಿಡಗಳ ಕಡೆ ಒಟ್ಟಾಗಿ ಹೋಗುತ್ತಿದ್ದೆವು. ಆ ವರ್ಷ ಯಾರೋ ಏರಿಯ ಮೇಲೆ ನಿಂತು ನಮ್ಮ ಮೇಲೆ ಬ್ಯಾಟರಿ ಬಿಡತೊಡಗಿದರು. ಬೆಳಕು ಬಿದ್ದ ಕೂಡಲೇ ಗಡಬಡಿಸಿ ಎದ್ದು ಸೀರೆ ಇಳಿಸಿಕೊಂಡು ನಿಲ್ಲಬೇಕು. ಬೆಳಕು ಒಬ್ಬೊಬ್ಬರ ಮೇಲೂ ಸಾವಕಾಶ ಸರಿಯುತ್ತಿತ್ತು. ತುಂಬು ಬಸುರಿಯನ್ನೂ ಬಿಡುತ್ತಿರಲಿಲ್ಲ. ಮುದುಕಿಯರು ಹೇಳಿಕೊಟ್ಟ ಉಪಾಯ ಒಂದೇ: ಮುಖ ಮುಚ್ಚಿಕೊಳ್ಳಿ, ಯಾರೆಂದು ಗೊತ್ತಾಗುವುದಿಲ್ಲ. ನನ್ನ ಅಕ್ಕ ಮಧ್ಯಾಹ್ನದ ಊಟ, ನೀರು ಎರಡನ್ನೂ ಬಿಟ್ಟಳು. ಹೊಟ್ಟೆನೋವಿನಿಂದ ಒದ್ದಾಡಿದಾಗ ಅವ್ವ ಜೀರಿಗೆ ಕುದಿಸಿ ಕೊಟ್ಟಳೇ ಹೊರತು ಕಾರಣವನ್ನು ಬಾಯಿಬಿಟ್ಟು ಆಡಲಿಲ್ಲ.

ಆಡಿದವಳು ಪಕ್ಕದ ಮನೆಯ ಚಿಗವ್ವ ಒಬ್ಬಳೇ. ಸಂಬಂಧದಲ್ಲಿ ಏನೂ ಆಗಬೇಕಾದವಳಲ್ಲ, ರೂಢಿಯಿಂದ ಚಿಗವ್ವ. ಭತ್ತದ ನಾಟಿಗೆ ಹೋಗುವ ಹೆಂಗಸರ ಗುಂಪು ಕಟ್ಟುತ್ತಿದ್ದಳು. ಅವಳ ಗಂಡ ಬಾಯಿಲ್ಲದ ಮನುಷ್ಯ. ಒಂದು ದಿನ ಅವ್ವನನ್ನು ಕೇಳಿ ನನ್ನನ್ನು ಸಿಂಧನೂರಿಗೆ ಕರೆದುಕೊಂಡು ಹೋದಳು. ಬಳೆ ಕೊಡಿಸುತ್ತಾಳೆಂದುಕೊಂಡಿದ್ದೆ. ಹೊಕ್ಕಿದ್ದು ಬ್ಯಾಟರಿ ಅಂಗಡಿ.

"ಹೆಣ್ಮಕ್ಳಿಗೆ ಎರಡು ಶೆಲ್ಲಿಂದು ಸಾಕಾಗ್ತೈತವಾ," ಎಂದ ಅಂಗಡಿಯವನು.

"ಕಾಲುಬುಡ ಕಂಡ್ರ ಸಾಲದ್ರಿ. ಕಾಲುವಿ ಏರಿ ಮ್ಯಾಲ ನಿಂತಾವನ ಮಾರಿ ಕಾಣಬೇಕು."

ಅವನು ನಕ್ಕ. ಅವಳು ನಗಲಿಲ್ಲ. ಒಂದೊಂದನ್ನೂ ಹೊತ್ತಿಸಿ, ಕತ್ತಲಿದ್ದ ಗೋದಾಮಿನ ಕೊನೆಯ ಗೋಡೆಗೆ ನನ್ನನ್ನು ನಿಲ್ಲಿಸಿ ನೋಡಿದಳು. ಒಂದರ ಬೆಳಕು ಅಗಲವಾಗಿ ಹರಡಿ ತೆಳ್ಳಗಾಗುತ್ತಿತ್ತು, ಬೇಡವೆಂದಳು. ಇನ್ನೊಂದರ ಗುಂಡಿ ಟಕ್ ಎನ್ನುತ್ತಿತ್ತು, ಅದೂ ಬೇಡ. ಕೊನೆಗೆ ಮೂರು ಶೆಲ್ಲಿನ, ತಲೆ ತಿರುಗಿಸಿದರೆ ಬೆಳಕು ಒಂದೇ ಕಡೆ ಕೂಡಿಕೊಳ್ಳುವ ಹಿತ್ತಾಳೆಯದೊಂದನ್ನು ಆರಿಸಿದಳು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ನನಗೆ ಬಳೆಯನ್ನೂ ಕೊಡಿಸಿದ್ದಳು... ಹಸಿರು ಬಳೆ ಇರಬೇಕು.

ಮೂರು ದಿನ ಏರಿಯ ಮೇಲೆ ಯಾರೂ ಬರಲಿಲ್ಲ. ನಾಲ್ಕನೆಯ ಸಂಜೆ ಬೆಳಕು ಬಿತ್ತು. ನಾವೆಲ್ಲ ಎದ್ದು ಮುಖ ಮುಚ್ಚಿಕೊಂಡೆವು. ಚಿಗವ್ವ ಮುಚ್ಚಿಕೊಳ್ಳಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ ತನ್ನ ಬ್ಯಾಟರಿ ಎತ್ತಿದಳು. "ನೋಡ್ರಬೇ! ಎಲ್ಲಾರೂ ಕಣ್ಣು ತಗದು ನೋಡ್ರಿ!" ಎಂದು ಕೂಗಿದಳು.

ನೋಡಿದೆವು. ನಮ್ಮ ಕಾಕಾ. ಅಪ್ಪನ ಸ್ವಂತ ತಮ್ಮ. ಹಣೆಯ ವಿಭೂತಿ ಕೂಡ ಕಾಣುತ್ತಿತ್ತು. ಸೋಮವಾರದ ಭಜನೆಗೆ ತಾಳ ಹಿಡಿಯುವವನು, ನನ್ನನ್ನು ಹೆಗಲ ಮೇಲೆ ಕೂರಿಸಿ ಊರು ತೋರಿಸಿದವನು. ಒಂದು ಗಳಿಗೆ ಕೈ ಅಡ್ಡ ಹಿಡಿದು, ತಿರುಗಿ ಓಡಿದ.

ಮರುದಿನ ಬೆಳಿಗ್ಗೆ ನಮ್ಮ ಮನೆಯ ಕಟ್ಟೆಯ ಮೇಲೆಯೇ ಹಿರಿಯರು ಕೂಡಿದರು. ತಪ್ಪು ಯಾರದೆಂದು ಕೇಳಲು ಅಲ್ಲ. ಕಾಕಾನ ಮಾನ ಹೋಯಿತೆಂದು ಕೇಳಲು. "ಹೆಣ್ಮಗಳಾಗಿ ಗಂಡಸರ ಮಾರಿಗೆ ಬ್ಯಾಟರಿ ಬಿಡೋದು ಯಾವ ರಿವಾಜವಾ?" ಎಂದರು ಒಬ್ಬರು.

"ಅವ್ರು ನಮ್ಮ ಮ್ಯಾಲ ಬಿಡೋದು ಯಾವ ರಿವಾಜ್ರಿ?"

"ಆಂವ ನೀರು ನೋಡಾಕ ಹೋಗಿದ್ನಂತ. ನೀ ಒಬ್ಬಾಕಿ ಹೇಳಿದ್ರ ಆತೇನು? ಮತ್ಯಾರು ನೋಡ್ಯಾರ?"

ಹತ್ತು ಹೆಂಗಸರು ನೋಡಿದ್ದರು. ಹತ್ತೂ ಜನ ನೆಲ ನೋಡುತ್ತ ನಿಂತರು. ಅಪ್ಪ ನನ್ನ ಕಡೆ ತಿರುಗಿದ. "ನೀನೂ ಇದ್ದೆಲ್ಲ? ಏನ್ ನೋಡಿದಿ, ಹೇಳು." ಹಿಂದೆ ನಿಂತ ಅವ್ವನ ಕೈ ನನ್ನ ರಟ್ಟೆ ಹಿಡಿದಿತ್ತು. "ನಂಗೇನೂ ಕಾಣ್ಲಿಲ್ಲಪ," ಎಂದೆ.

ತಪ್ಪಾಯಿತೆಂದು ಹೇಳಲು ಚಿಗವ್ವನಿಗೆ ಅಪ್ಪಣೆಯಾಯಿತು. ಅವಳು ಹೇಳಲಿಲ್ಲ. ಆ ಹಂಗಾಮಿನಲ್ಲಿ ಯಾವ ಗದ್ದೆಯವರೂ ಅವಳ ಗುಂಪನ್ನು ನಾಟಿಗೆ ಕರೆಯಲಿಲ್ಲ. ಎರಡು ತಿಂಗಳು ನೋಡಿ, ಗಂಡ ಹೆಂಡತಿ ಗಂಟು ಕಟ್ಟಿಕೊಂಡು ಲಿಂಗಸುಗೂರಿನಲ್ಲಿದ್ದ ಅವಳ ತಂಗಿಯ ಮನೆಗೆ ಹೋದರು. ನನ್ನ ರಕ್ತ ಕುದಿಯುವುದು ಇಲ್ಲಿ: ಏರಿಯ ಮೇಲಿನ ಬೆಳಕು ಅವತ್ತೇ ನಿಂತಿತ್ತು. ಅಕ್ಕ ಹೊಟ್ಟೆ ತುಂಬ ಉಂಡಳು. ಊರಿನ ಹೆಂಗಸರೆಲ್ಲ ನಿಶ್ಚಿಂತೆಯಿಂದ ಚರಗಿ ಹಿಡಿದು ಹೋಗಿಬಂದರು. ಒಬ್ಬಳಾದರೂ ಅವಳ ಹೆಸರೆತ್ತಲಿಲ್ಲ. ಕಾಕಾ ಭಜನೆಯಲ್ಲಿ ತಾಳ ಹಾಕುತ್ತಲೇ ಇದ್ದ.

ತೊಂಬತ್ತರ ದಶಕದಲ್ಲಿ ನಾನು ಶಾಲೆಯಲ್ಲಿ ಟೀಚರ್ ಕೆಲಸಕ್ಕೆಂದು ಲಿಂಗಸುಗೂರಿಗೆ ಹೋದೆ. ಒಂದು ಸಂತೆಯ ದಿನ ಅವಳು ಕಂಡಳು, ಸೊಪ್ಪಿನ ಮುಂದೆ ಕುಳಿತಿದ್ದಳು. ನಾನು ಹೆಸರು ಹೇಳುವ ಮೊದಲೇ ಗುರುತು ಹಿಡಿದಳು.

"ಚೊಲೋ ಅದೀಯೇನು? ಈಗ ಊರಾಗ ಯಾರರ ಬ್ಯಾಟರಿ ಬಿಡ್ತಾರೇನು?"

"ಇಲ್ಲ ಚಿಗವ್ವ. ಅವತ್ತಿಂದ ಇಲ್ಲ."

"ಹಂಗಿದ್ರ ಆತು ಬಿಡು," ಎಂದು ಮೆಂತ್ಯದ ಕಟ್ಟು ನನ್ನ ಚೀಲಕ್ಕೆ ಹಾಕಿದಳು. ಕ್ಷಮೆ ಕೇಳಬೇಕಿತ್ತು. ಮುಂದಿನ ಸಂತೆಗೆ ಕೇಳಿದರಾಯಿತು ಎಂದುಕೊಂಡೆ, ಅದರ ಮುಂದಿನದಕ್ಕೆ... ಹೀಗೆ ಮಳೆಗಾಲ ಕಳೆಯಿತು. ಒಂದು ದಿನ ಅವಳ ಜಾಗದಲ್ಲಿ ತಂಗಿ ಕುಳಿತಿದ್ದಳು.

ಕಾಕಾ ಹೋದ ವರ್ಷದವರೆಗೂ ಬದುಕಿದ್ದ. ಈ ವಾರ ಅವನ ವರ್ಷದ ಪುಣ್ಯತಿಥಿ ಇತ್ತು. ಊರಲ್ಲಿ ಅವನ ನಗುವ ಮುಖದ ದೊಡ್ಡ ಬ್ಯಾನರ್ ಕಟ್ಟಿದ್ದರು. ಮನೆತನದಲ್ಲಿ ಓದಿದವಳೆಂದು ನನ್ನ ತಮ್ಮ ಕೈಗೆ ಮೈಕು ಕೊಟ್ಟ. ಚಿಗವ್ವ ಯಾರು, ಯಾಕೆ ಊರು ಬಿಟ್ಟಳು, ಏರಿಯ ಮೇಲೆ ನಾನು ಯಾರನ್ನು ನೋಡಿದೆ, ಎಲ್ಲ ಹೇಳಿದೆ. ಅರ್ಧಕ್ಕೇ ಮೈಕು ಸತ್ತಿತು. ಉಳಿದದ್ದನ್ನು ಗಂಟಲಿನಿಂದಲೇ ಹೇಳಿದೆ. ಮುಂದಿನ ಸಾಲಿನ ಮುದುಕಿಯರು ಅವತ್ತಿನ ಹಾಗೆಯೇ ನೆಲ ನೋಡುತ್ತಿದ್ದರು.

ತಮ್ಮ ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದ. "ಸತ್ತವ್ರ ಮ್ಯಾಲ ಯಾಕ ಹಗಿ ಸಾಧಸ್ತೀಬೇ ಅಕ್ಕಾ?"

"ಆಕಿನೂ ಸತ್ತಾಳಲ್ಲೋ," ಎಂದೆ.