ಬಿಟ್ಟಿ ಊಟದ ಹಡಗು

ವಿಜಯಪುರದಿಂದ ಹೊರಟದ್ದು ಸೋಮವಾರ ಬೆಳಿಗ್ಗೆ, ಕೆಂಪು ಬಸ್ಸಿನಲ್ಲಿ. ತೊರವಿ ದಾಟುವಷ್ಟರಲ್ಲೇ ಬಿಸಿಲು ಏರಿತ್ತು. ತಿಕೋಟಾದಲ್ಲಿ ಇಳಿದಾಗ ಅಕ್ಕನ ಮನೆಯ ಮುಂದೆ ಬಿಳಿ ಕಾರು ನಿಂತಿತ್ತು. ಮಾವ, ಅಂದರೆ ಅಕ್ಕನ ಗಂಡ, ಒಣದ್ರಾಕ್ಷಿ ವ್ಯಾಪಾರಿ. ಅವರನ್ನು ಕರೆದೊಯ್ಯಲು ಗೋವಾದ ಕ್ಯಾಸಿನೋ ಹಡಗಿನವರೇ ಕಾರು ಕಳಿಸಿದ್ದರು. ಬಾಡಿಗೆಯಿಲ್ಲ, ಡೀಸೆಲ್ ಖರ್ಚಿಲ್ಲ.

ಅಕ್ಕ ನನ್ನನ್ನು ಒಳಗೆ ಕರೆದಳು. "ಬುಧವಾರ ಭಾಗ್ಯಾನ ನಿಶ್ಚಯ ಐತಿ. ಬಬಲೇಶ್ವರದಿಂದ ಬೀಗರು ಬರ್ತಾರ. ಹೋದ ಸಲ ಹಿಂಗ ಹೋದಾವ್ರು ವಾರಗಟ್ಟಲೆ ಬರಲಿಲ್ಲ. ನೀ ಜೋಡಿ ಹೋಗಿ ಕರಕೊಂಡ ಬಾರೋ ತಮ್ಮಾ." ಭಾಗ್ಯಾ ಅಕ್ಕನ ಮಗಳು. ಅಕ್ಕನ ಮುಖ ನೋಡಿ ಬೇಡವೆನ್ನಲಾಗಲಿಲ್ಲ.

ಅಥಣಿ, ಬೆಳಗಾವಿ ದಾಟಿ ಚೋರ್ಲಾ ಘಾಟಿಗೆ ಬಂದಾಗ ಮಂಜು ಕವಿದು ರಸ್ತೆಯೇ ಕಾಣುತ್ತಿರಲಿಲ್ಲ. ದಾರಿಯುದ್ದಕ್ಕೂ ಮಾವನ ಬೆರಳುಗಳು ತೊಡೆಯ ಮೇಲೆ ಏನನ್ನೋ ಒತ್ತುತ್ತಿದ್ದವು. ಅವರಿಗೆ ಅದರ ಅರಿವೇ ಇರಲಿಲ್ಲ.

ಪಣಜಿಯಲ್ಲಿ ಸಣ್ಣ ದೋಣಿ ಹತ್ತಿ ಹಡಗಿಗೆ ಹೋದೆವು. ಒಳಗೆ ಕಿಟಕಿಯಿಲ್ಲ, ಗಡಿಯಾರವಿಲ್ಲ. ಅತಿಥಿಗಳನ್ನು ನೋಡಿಕೊಳ್ಳುವ ಒಬ್ಬ ಯುವಕ ಕೈಮುಗಿದ. "ಬರ್ರಿ ಸಾವುಕಾರ್ರ, ಸೋಮವಾರ ಒಪ್ಪತ್ತಲ್ರಿ? ಸಾಬೂದಾನಿ ಮಾಡಿಸೇನಿ." ನನ್ನ ಕೈಗೆ ಸಕ್ಕರೆಯಿಲ್ಲದ ಚಹಾ ಬಂತು. ನಾನು ಕುಡಿಯುವುದು ಅದನ್ನೇ, ಆದರೆ ಏನನ್ನೂ ಹೇಳಿರಲಿಲ್ಲ.

"ಯಾವೂರ್ರಿ ನಿಮ್ದು?" ಎಂದೆ.

"ನಮ್ದು ನಿಮ್ಮ ಕಡೆ ಅಲ್ರಿ. ನಿಮ್ಮಂಥಾವ್ರು ಬರ್ತಾರಲ್ಲ, ಕೇಳಿ ಕೇಳಿ ಕಲ್ತೇನಿ. ಮಾವಾರು ಮನಿ ಸುದ್ದಿ ಎಲ್ಲಾ ಹೇಳ್ತಾರ." ನನ್ನ ಬಾಯಿಂದ ಒಮ್ಮೆ ಕೇಳಿದ 'ಮಾವ' ಅವನ ಬಾಯಿಗೆ ಆಗಲೇ ಬಂದಿತ್ತು.

ಮಾವ ವಿಡಿಯೋ ಪೋಕರ್ ಯಂತ್ರದ ಮುಂದೆ ಕೂತರು. ಪರದೆಯ ಮೇಲೆ ಇಸ್ಪೀಟೆಲೆ ಬೀಳುತ್ತವೆ. ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಬದಲಿಸಬೇಕು. ಹಡಗಿನವರು ಹೆಸರು ಅಚ್ಚುಮಾಡಿ ಕೊಟ್ಟ ಕಾರ್ಡನ್ನು ಯಂತ್ರಕ್ಕೆ ಸಿಕ್ಕಿಸಿದ್ದರು; ಅದರ ದಾರ ಅವರ ಅಂಗಿಯ ಗುಂಡಿಗೆ ಕಟ್ಟಿತ್ತು. ಗೂಟಕ್ಕೆ ಕಟ್ಟಿದ ಕರುವಿನಂತೆ ಕಂಡರು.

"ಸೋತಿದ್ದಕ್ಕ ಊಟ, ರೂಮು ಕೊಡ್ತೀರೇನು?" ಎಂದು ಯುವಕನನ್ನು ಕೆಣಕಿದೆ.

ಅವನು ನಕ್ಕ. "ಸೋತದ್ದು ನೋಡಂಗಿಲ್ರಿ, ಆಡಿದ್ದು ನೋಡ್ತೇವಿ. ಕಾರ್ಡ್ ಹಾಕಿ ಎಷ್ಟು ರೊಕ್ಕ ಹಾಯಿಸ್ತಾರ, ಅದಕ್ಕ ಪಾಯಿಂಟ್, ಪಾಯಿಂಟಿಗೆ ಊಟ, ರೂಮು. ಗೆದ್ದದ್ದನ್ನ ತಿರುಗಿ ಹಾಕಿದ್ರೂ ಪಾಯಿಂಟ್. ಎಲಿ ಆಟದಾಗ ತಲಿ ಓಡಿಸಿದ್ರ ನಮಗ ಉಳಿಯೂದು ಕಡಿಮಿ. ಅದಕ್ಕ ಚಕ್ರ ತಿರುಗೂ ಸ್ಲಾಟ್ ಮಿಷನ್ನಿನಷ್ಟು ಪಾಯಿಂಟ್ ಇಲ್ಲ. ಹೆಚ್ಚು ಹೊತ್ತು ಕೂಡಬೇಕಾಕ್ಕೈತಿ, ಅಷ್ಟ."

ಮಾವ ಕೂತೇ ಇದ್ದರು. ಮಂಗಳವಾರ ಮಧ್ಯಾಹ್ನವಾದಾಗ, ಇನ್ನು ಹೊರಡೋಣ ಎಂದೆ. ತುಟಿ ಅಲುಗಿತು, ಕಣ್ಣು ಕದಲಲಿಲ್ಲ. "ಊಟಕ್ಕ ಹೇಳ್ಯಾರೋ. ಉಣ್ಣದ ಎದ್ರ ಏನ್ ತಿಳ್ಕೊಂತಾರ?" ಪಾಯಿಂಟಿನ ಊಟ ಅವರಿಗೆ ಬೀಗರ ಮನೆಯ ಊಟವಾಗಿತ್ತು. ಭಾಗ್ಯಾಳ ಹೆಸರು ಹೇಳಿದೆ, ರಟ್ಟೆ ಹಿಡಿದು ಜಗ್ಗಿದೆ. ಅವರಿಗೆ ನಾನು ಅಲ್ಲಿ ಇದ್ದಂತೆಯೇ ಇರಲಿಲ್ಲ. ಆಗ ನಿಜಕ್ಕೂ ಹೆದರಿದೆ.

ತಡರಾತ್ರಿ ಯುವಕ ಬಂದು ಮೆಲ್ಲಗೆ ಕಾರ್ಡ್ ಹೊರಗೆಳೆದ. "ಏಳ್ರಿ ಮಾವಾರ, ಮಗಳ ಕಾರ್ಯ ಐತಲ್ರಿ."

ಮಾವ ತಕ್ಷಣ ಎದ್ದರು. ಎದ್ದವರೇ ಅವನ ಕೈ ಹಿಡಿದು, "ನಿಮ್ಮ ಮನ್ಯಾಗ ಇಷ್ಟ ಉಂಡೇನಿ. ನಮ್ಮ ಮನಿಗೂ ಒಮ್ಮೆ ಉಣ್ಣಾಕ ಬರ್ರಿ" ಎಂದರು. ಉಂಡವರು ತಿರುಗಿ ಕರೆಯುವುದು ನಮ್ಮ ಕಡೆಯ ರೀತಿ. ಹಡಗಿಗೂ ಅದನ್ನು ನಡೆಸಿದರು. ಬೆಳಗಾದರೆ ಅವನು ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದ.

ಬುಧವಾರ ತಿಕೋಟಾದಲ್ಲಿ ಶೇಂಗಾ ಹೋಳಿಗೆಯ ವಾಸನೆ ಬೀದಿಗೆ ಬರುತ್ತಿತ್ತು. ಗಂಡನನ್ನು ಕಂಡು ಅಕ್ಕನ ಕಣ್ಣು ತುಂಬಿತು. ಕರೆದು ತಂದವನು ಇವನೇ ಎಂದು ಮಾವ ಹೇಳಿದ್ದೇ ತಡ, ಅವನನ್ನು ಮದುಮಗನ ಪಕ್ಕದಲ್ಲೇ ಕೂಡಿಸಿ ಬಡಿಸಿದಳು. ಬೀಗರು ಯಾರೆಂದು ಕೇಳಿದರೆ ಮಾವ, "ನಮ್ಮವ್ರ ರೀ" ಎಂದರು.

ಊಟವಾದ ಮೇಲೆ ಅವನು ವೀಳ್ಯದೆಲೆಯ ಮೇಲೆ ಮಾವನದಂಥದೇ ಒಂದು ಕಾರ್ಡ್ ಇಟ್ಟು ಮದುಮಗನಿಗೆ ನೀಡಿದ. ಅದರ ಮೇಲೆ ಹುಡುಗನ ಹೆಸರು ಆಗಲೇ ಅಚ್ಚಾಗಿತ್ತು. "ತಗೋಬ್ಯಾಡಪಾ!" ಎಂದು ನಾನು ಕೂಗಿಯೇಬಿಟ್ಟೆ. ಎಲ್ಲರೂ ನನ್ನತ್ತ ತಿರುಗಿದರು.

"ಶುಭ ಕಾರ್ಯದಾಗ ಎಲಿ ಮ್ಯಾಲ ಕೊಟ್ಟದ್ದು ಒಲ್ಲೆ ಅನಬಾರದ್ರಿ" ಎಂದರು ಹುಡುಗನ ತಂದೆ. ಹುಡುಗ ಅದನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟ. ಅಕ್ಕ ನನ್ನ ಮೇಲೆ ಸಿಟ್ಟಾದಳು.

ಸಂಜೆ ವಿಜಯಪುರದ ಬಸ್ಸು ಹತ್ತಿ ಕಿಟಕಿಯಿಂದ ತಿರುಗಿ ನೋಡಿದೆ. ಬೀಗರ ಗಾಡಿ ಊರಿಗೆ ಹೊರಟಿತ್ತು. ಆ ಯುವಕನಿದ್ದ ಬಿಳಿ ಕಾರು ಗೋವಾಕ್ಕೆಂದು ಅಥಣಿಯ ಕಡೆ ತಿರುಗದೆ, ಅವರ ಹಿಂದೆಯೇ ಬಬಲೇಶ್ವರದ ದಾರಿ ಹಿಡಿಯಿತು.