ಪರದೆಯ ಕೆಳಗೆ ಒಂದು ಕೈ

ಮುಚ್ಚಿಟ್ಟ ಮಾಲಿನಲ್ಲಿ ಏನೋ ಐಬು ಇದ್ದೇ ಇರುತ್ತದೆ ಎಂದು ನಂಬಿ ಬದುಕಿದವನು ನಾನು. ರಾಯಚೂರಿನಲ್ಲಿ ಎತ್ತಿನ ದಲ್ಲಾಳಿಗೆ ಕಣ್ಣೇ ಬಂಡವಾಳ. ಬೆನ್ನ ಮೇಲೆ ಹೊಸ ಜೂಲು ಹೊದಿಸಿದ ಎತ್ತು ಬಂದರೆ ಎಲ್ಲರೂ ಜೂಲಿನ ಚಂದ ನೋಡುತ್ತಾರೆ. ನಾನು ಅದನ್ನು ಎತ್ತಿ ಕೆಳಗಿನ ಹುಣ್ಣು ಹುಡುಕುತ್ತೇನೆ. ಹೀಗೆ ಹುಡುಕಿ ಹುಡುಕಿಯೇ, ಗುಂಜಹಳ್ಳಿಯಲ್ಲಿ ಮಂದಿಯ ದನ ಕಾಯುತ್ತಿದ್ದವನು ಪಟ್ಟಣದಲ್ಲಿ ಸ್ವಂತ ಮನೆ ಮಾಡಿದೆ. ಕೇಳಿದವರಿಗೂ ಕೇಳದವರಿಗೂ ಅದನ್ನೇ ಬುದ್ಧಿ ಹೇಳುತ್ತೇನೆ: ಬಾಯಿ ಬಿಡಿಸಿ ನೋಡು, ಕಾಲೆತ್ತಿ ನೋಡು, ನಾಲ್ಕು ಹೆಜ್ಜೆ ನಡೆಸಿ ನೋಡು, ಆಮೇಲೆ ಮಾತಾಡು. ಕನ್ಯೆ ನೋಡಲು ಹೋದಾಗಲೂ ಅಭ್ಯಾಸ ಬಲದಿಂದ ನಿಂಗಮ್ಮನಿಗೆ ನಾಲ್ಕು ಹೆಜ್ಜೆ ನಡೆಯಲು ಹೇಳಿಬಿಟ್ಟೆ. ಮದುವೆಯೇನೋ ಆಯಿತು. ಆದರೆ ಆ ನಾಲ್ಕು ಹೆಜ್ಜೆಯನ್ನು ಆಕೆ ಇಂದಿಗೂ ಮರೆತಿಲ್ಲ.

ಲಡಾಯಿಯ, ಅಂದರೆ ಮಹಾಯುದ್ಧದ ಕಾಲ. ಚೊಚ್ಚಲ ಹೆರಿಗೆಗೆಂದು ನಿಂಗಮ್ಮ ತವರೂರು ಅರಕೇರಾಕ್ಕೆ ಹೋಗಿದ್ದಳು. ನಾನು ಮಾನ್ವಿಯ ಸಂತೆಯಲ್ಲಿ ಒಂದು ಎತ್ತಿನ ಹಲ್ಲು ನೋಡುತ್ತಿದ್ದೆ. ಆ ಕಡೆಯಿಂದ ಬಂದ ಪರಿಚಯದವನೊಬ್ಬ ದೂರದಿಂದಲೇ, "ಏ ದಲ್ಲಾಳಿ, ಹೆಣ್ಣು ಕೂಸು ಹುಟ್ಯಾದ, ಇಲ್ಲೇನು ಮಾಡಾಕತ್ತಿ?" ಎಂದು ಕೂಗಿದ. ಎತ್ತಿನ ಬಾಯಲ್ಲಿದ್ದ ಕೈಯನ್ನು ಹೊರಗೆ ತೆಗೆಯಬೇಕೆಂಬುದೂ ನನಗೆ ಹೊಳೆಯಲಿಲ್ಲ. ಪುಣ್ಯಕ್ಕೆ ಎತ್ತೇ ತಲೆ ಕೊಡವಿತು.

ದೇವದುರ್ಗದವರೆಗೆ ಮೋಟಾರು, ಮುಂದೆ ಗಾಡಿ. ಅರಕೇರಾ ಮುಟ್ಟುವಾಗ ಮಗಳು ಹುಟ್ಟಿ ಮೂರು ದಿನವಾಗಿತ್ತು. ಬಾಣಂತಿಯ ಕೋಣೆಯ ಬಾಗಿಲಿಗೆ ಹಳೆಯ ಸೀರೆಯೊಂದನ್ನು ಪರದೆ ಕಟ್ಟಿದ್ದರು. ಅದರ ಮುಂದೆ ನಿಂಗಮ್ಮನ ಅಜ್ಜಿ ಹನುಮವ್ವ ಕುಳಿತಿದ್ದರು. ಊರಿಗೇ ಸೂಲಗಿತ್ತಿ ಆಕೆ. ನಿಂಗಮ್ಮ ಹುಟ್ಟಿದ್ದೂ ಆ ಕೈಗಳಲ್ಲೇ.

"ಅಲ್ಲೇ ನಿಂದ್ರು ಯಪ್ಪಾ. ಮೂಲಾ ನಕ್ಷತ್ರದಾಗ ಹುಟ್ಯಾಳ. ಹನ್ನೊಂದು ದಿನ ಅಪ್ಪ ಕೂಸಿನ ಮಾರಿ ನೋಡಂಗಿಲ್ಲ ಅಂತ ಅಯ್ಯನೋರು ಹೇಳ್ಯಾರ. ಹನ್ನೆರಡನೇ ದಿನ ಎಣ್ಣಿಯಾಗ ನೆರಳು ನೋಡಿ, ಆಮ್ಯಾಲೆ ಕೂಸಿನ್ನ ನೋಡಬೇಕು."

ಅಷ್ಟು ದೂರದ ನಕ್ಷತ್ರಕ್ಕೆ ಅರಕೇರಾದ ಈ ಪುಟ್ಟ ಕೋಣೆಯ ಸುದ್ದಿ ಯಾಕೆ ಬೇಕು ಎಂದು ಈಗ ನೆರಳಲ್ಲಿ ಕೂತು ಬರೆಯುವಾಗ ಕೇಳಬಹುದು. ಆಗ ಹೊಳೆದದ್ದು ಒಂದೇ: ಮುಚ್ಚಿಟ್ಟಿದ್ದಾರೆ. ಅಂದರೆ ಏನೋ ಇದೆ. ಕೈಯೋ, ಕಾಲೋ, ಕಣ್ಣೋ? ಕೂಸು ಯಾಕೆ ಅಳುತ್ತಿಲ್ಲ? ಭಯವಾದಾಗ ನನಗೆ ಬರುವ ವಿದ್ಯೆ ಒಂದೇ, ಚೌಕಾಸಿ.

"ಐದು ದಿನಕ್ಕ ಮುಗಸ್ರಿ, ಆಯಿ."

"ಹನ್ನೊಂದು."

"ಏಳು. ನಿಮ್ಮ ಮಾತೂ ಉಳೀತದ, ನನ್ನ ಮಾತೂ ಉಳೀತದ."

"ಇದೇನು ಸಂತಿ ಅಂತ ತಿಳದಿಯೇನಪಾ? ಆಕಿ ಎತ್ತಲ್ಲ, ನಿನ್ನ ಮಗಳು."

ಒಂದು ದಿನವೂ ಇಳಿಯಲಿಲ್ಲ ಮುದುಕಿ. ಕೊನೆಗೆ ದನಿ ತಗ್ಗಿಸಿ ಕೇಳಿಯೇಬಿಟ್ಟೆ: "ಖರೇ ಹೇಳ್ರಿ ಆಯಿ, ಕೂಸಿಗೆ ಏನರ ಐಬು ಅದ ಏನು?"

ಹನುಮವ್ವನ ಮುಖದ ನಗು ಮಾಯವಾಯಿತು. ಉತ್ತರ ಬಂದದ್ದು ಪರದೆಯ ಆಚೆಯಿಂದ, ಬಾಣಂತಿಯ ಸಣ್ಣ ದನಿಯಲ್ಲಿ: "ಯಾಕ, ಅದನ್ನೂ ನಾಕು ಹೆಜ್ಜಿ ನಡಿಸಿ ನೋಡ್ತೀರೇನು?"

ನಾಚಿಕೆಯಾಯಿತು. ಆದರೆ ನಾಚಿಕೆಯಿಂದ ಭಯ ಹೋಗುವುದಿಲ್ಲ. "ನೋಡಬಾರದು ಅಂದಾರ ಅಯ್ಯನೋರು. ಮುಟ್ಟಬಾರದು ಅಂದಾರೇನು?" ಎಂದೆ.

ಹನುಮವ್ವ ಯೋಚಿಸಿದರು. "ಅದನ್ನೇನೂ ಅಂದಿಲ್ಲ. ಆದ್ರ ಮೈಲಿಗಿ ಆಗ್ತದ, ಜಳಕ ಮಾಡಬೇಕಾಗ್ತದ."

"ಹತ್ತು ಸಲ ಮಾಡ್ತೀನಿ."

ಹೊಸ್ತಿಲ ಬಳಿ ನೆಲಕ್ಕೆ ಕುಳಿತು, ಮುಖ ಆಚೆ ತಿರುಗಿಸಿ, ಪರದೆಯ ಕೆಳಗಿನಿಂದ ಬಲಗೈ ಒಳಗೆ ಚಾಚಿದೆ. ಎತ್ತಿನ ವ್ಯಾಪಾರ ಕಾಣದವರಿಗೆ ಇಲ್ಲೊಂದು ಮಾತು ಹೇಳಬೇಕು. ನಾವು ದರವನ್ನು ಬಾಯಲ್ಲಿ ಆಡುವುದಿಲ್ಲ. ಎರಡು ಕೈಗಳ ಮೇಲೆ ಟವೆಲು ಹಾಕಿ, ಕೆಳಗೆ ಬೆರಳು ಹಿಡಿದು ಮಾತಾಡುತ್ತೇವೆ; ಮೇಲೆ ಮುಖಗಳು ಮಳೆ ಬೆಳೆಯ ಸುದ್ದಿ ಹೇಳುತ್ತಿರುತ್ತವೆ. ಮುಖ ಸುಳ್ಳಾಡುತ್ತದೆ, ಕೈಗೆ ಅಷ್ಟು ಜಾಣತನ ಇಲ್ಲ. ಆಸೆಬುರುಕನ ಅಂಗೈ ಬೆವರುತ್ತದೆ. ದುಡ್ಡಿನ ಗರಜಿದ್ದವನ ಬೆರಳು ನಡುಗುತ್ತದೆ. ಒಪ್ಪದವನು ಕೈ ಸಡಿಲ ಬಿಡುತ್ತಾನೆ, ಒಪ್ಪಿದವನು ಬಿಡುವುದಿಲ್ಲ.

ಹನುಮವ್ವ ಒಳಗೆ ಹೋಗಿ ಕೂಸಿನ ಕೈಯನ್ನು ನನ್ನ ಅಂಗೈಯಲ್ಲಿ ಇಟ್ಟರು. ಆಗಷ್ಟೇ ಹಂಚಿನಿಂದ ಇಳಿದ ರೊಟ್ಟಿಯ ಚೂರಿನಂತೆ ಬೆಚ್ಚಗಿತ್ತು. ಬೆರಳು ಎಣಿಸಲು ಶುರು ಮಾಡಿದೆ. ಒಂದು, ಎರಡು. ಸಜ್ಜೆ ಕಾಳಿನಷ್ಟು ಉಗುರು! ಮೂರಕ್ಕೆ ಬರುವಷ್ಟರಲ್ಲಿ ಆ ಕೈ ಮುಚ್ಚಿಕೊಂಡಿತು. ನನ್ನ ತೋರುಬೆರಳು ಅದರೊಳಗೇ ಉಳಿಯಿತು.

ಎಷ್ಟೋ ಸಾವಿರ ಕೈ ಹಿಡಿದವನು ನಾನು. ಇಂಥ ಹಿಡಿತ ಕಂಡಿರಲಿಲ್ಲ. ಏನನ್ನೂ ಕೇಳುತ್ತಿರಲಿಲ್ಲ ಅದು, ಏನನ್ನೂ ಬಚ್ಚಿಡುತ್ತಲೂ ಇರಲಿಲ್ಲ. ಭೂಮಿಗೆ ಬಂದು ಮೂರು ದಿನ. ಹಗ್ಗ ಎಳೆದು ಜಡ್ಡುಗಟ್ಟಿದ ಈ ಬೆರಳು ಯಾರದು, ಮುದಿ ಎತ್ತಿಗೆ ಎಷ್ಟು ಸಲ ಹರೆಯ ಹೇಳಿದವನದು ಎಂದು ವಿಚಾರಿಸದೆ ಹಿಡಿದುಬಿಟ್ಟಿದ್ದಳು. ಪರೀಕ್ಷೆ ಮಾಡಲು ಹೋದವನು ನಾನು. ಆದರೆ ಆ ಕತ್ತಲ ಬದಿಯಲ್ಲಿ ನನ್ನನ್ನೇ ಯಾರೋ ತಡವಿ ನೋಡಿ, ಆಗಲಿ ಎಂದು ಒಪ್ಪಿಕೊಂಡಂತೆ ಆಯಿತು. ಕಾಲು ಜೋಮು ಹಿಡಿದರೂ ಅಲುಗಲಿಲ್ಲ.

"ಬಿಡು ಯಪ್ಪಾ, ಕೂಸು ಹಾಲು ಕುಡೀಬೇಕು" ಎಂದರು ಹನುಮವ್ವ.

"ನಾ ಹಿಡದಿಲ್ಲ ಆಯಿ. ಆಕಿ ಹಿಡದಾಳ."

ಮುದುಕಿ ಕೂಸಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಬಿಡಿಸುತ್ತ, ನನಗೆ ಕೇಳುವಂತೆ ಗಟ್ಟಿಯಾಗಿ ಎಣಿಸಿದರು: "ಒಂದು, ಎಲ್ಡು, ಮೂರು, ನಾಕು, ಐದು. ಆ ಕಡಿ ಕೈಗೂ ಇಷ್ಟೇ ಅದಾವ. ಕಾಲು ಹೊಟ್ಟಿಯಾಗ ಒದ್ದದ್ದನ್ನ ನಿನ್ನ ಹೇಣ್ತಿನ್ನ ಕೇಳು. ಸಾಕೇನು?"

ಸಾಕಾಗಿತ್ತು. ಜಳಕ ಮಾಡಿದೆ. ಊರಿಗೆ ಮಾತ್ರ ಮರಳಲಿಲ್ಲ. ಸಂತೆಗಳು ನಾನಿಲ್ಲದೆಯೇ ನಡೆದುಹೋದವು. ನಾನಿಲ್ಲದಿದ್ದರೆ ಸಂತೆ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲವೆಂದು ತಿಳಿದು ಸ್ವಲ್ಪ ಬೇಜಾರಾದದ್ದೂ ನಿಜ.

ಹನ್ನೆರಡನೇ ದಿನ ಹಿತ್ತಾಳೆ ಬಟ್ಟಲಲ್ಲಿ ಎಣ್ಣೆ ಹುಯ್ದು ನನ್ನ ಮುಂದಿಟ್ಟರು. ಬೆನ್ನ ಹಿಂದೆ ನಿಂತ ಹನುಮವ್ವ ನನ್ನ ಹೆಗಲ ಮೇಲಿಂದ ಕೂಸನ್ನು ಬಗ್ಗಿಸಿ ಹಿಡಿದರು. ಎಣ್ಣೆಯಲ್ಲಿ ಮೊದಲು ಕಂಡದ್ದು ನನ್ನದೇ ಮುಖ, ಮೀಸೆ ಸಮೇತ. ಆಮೇಲೆ ಅದರ ಪಕ್ಕದಲ್ಲಿ ಇನ್ನೊಂದು ಮೂಡಿತು, ಅಂಗೈಯಗಲದ್ದು, ಇನ್ನೂ ಪೂರ್ತಿ ಎಚ್ಚರವಾಗದ್ದು. ನನ್ನ ಉಸಿರು ತಾಗಿ ಎಣ್ಣೆ ನಡುಗಿ ಎರಡೂ ಮುಖ ಕಲಸಿಹೋದವು. ಉಸಿರು ಹಿಡಿದು ಕೂತೆ. ನಿಧಾನಕ್ಕೆ ಎರಡೂ ಬೇರೆಯಾದವು. ಆಕೆ ಕಣ್ಣು ಬಿಟ್ಟಳು.

"ಆತು. ಇನ್ನ ತಿರುಗಿ ನೋಡು."

"ಜರಾ ತಡೀರಿ, ಆಯಿ."

"ಅವತ್ತು ಒಂದೊಂದು ದಿನಕ್ಕ ಜಗಳಾಡಿದಿ, ಇವತ್ತೇನಾತು?"

"ಇದನ್ನ ನೋಡಿ ಇನ್ನಾ ಮುಗದಿಲ್ಲ."

ಮೊದಲ ಸಲ ತಂದೆಯಾಗುವವರಿಗೆ ನನ್ನದೊಂದು ಸಲಹೆ. ತಿರುಗುವ ಮುಂಚೆ ಸ್ವಲ್ಪ ಹೊತ್ತು ಹಾಗೇ ಕುಳಿತಿರಿ. ಒಮ್ಮೆ ತಿರುಗಿದಿರೋ, ಆಮೇಲೆ ಮತ್ತೊಂದು ಕಡೆ ನೋಡಲು ಪುರುಸೊತ್ತು ಸಿಗುವುದಿಲ್ಲ. ನಾನು ತಿರುಗಿ ಐದು ವರ್ಷವಾಯಿತು.